ಡ್ರೈವರ್ ಮಾವನ ಮನೆಯ ಹಾಲು

ಹೋದ ತಿಂಗಳು ಹೊಳೆನರಸೀಪುರದಿಂದ ನನ್ನ ತಮ್ಮ ಬಂದಿದ್ದ. ಊಟಕ್ಕೆ ಕೂತವನು ಏನೋ ನೆನಪಾದವನಂತೆ, "ಡ್ರೈವರ್ ಮಾವ ಓಗ್ಬುಟ್ರು ಕಣಕ್ಕ" ಎಂದ. ಕೊನೆಯ ಕೆಲವು ದಿನ ಹಾಸನದ ಆಸ್ಪತ್ರೆಯಲ್ಲೇ ಇದ್ದರಂತೆ. ನಾನು ಇದೇ ಹಾಸನದಲ್ಲಿ, ಆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೇನೆ. ನನಗೆ ಯಾರೂ ಒಂದು ಮಾತು ತಿಳಿಸಲಿಲ್ಲವಲ್ಲ ಎಂದು ತಮ್ಮನ ಮೇಲೆ ರೇಗಿದೆ.

"ನಂಗೂ ಆಮೇಕೇ ಗೊತ್ತಾಗಿದ್ದು. ಅವ್ರೇ ಬ್ಯಾಡ ಅಂದ್ರಂತೆ. ಯಾರ್ಗೂ ಯೋಳ್ಬ್ಯಾಡಿ, ಸುಮ್ಕೆ ಬಂದು ನೋಡ್ಕಂಡು ಓಗೋ ಕಷ್ಟ ಯಾಕೆ ಅಂದ್ರಂತೆ."

ಇದ್ದರೂ ಇರಬಹುದು ಅನ್ನಿಸಿತು. ಎಷ್ಟೋ ವರ್ಷಗಳಿಂದ ಅವರು ಹಾಗೆಯೇ ಇದ್ದರು, ಬೀದಿಯ ಒಂದು ಬದಿ ಹಿಡಿದು, ತಲೆ ತಗ್ಗಿಸಿ, ಯಾರಿಗೂ ಅಡ್ಡ ಬರದಂತೆ ನಡೆಯುವ ಮನುಷ್ಯ. ಈಗಿನ ಹುಡುಗರಿಗೆ ಅವರು ಗೊತ್ತಿರುವುದೂ ಹಾಗೆಯೇ. ನಾನು ಚಿಕ್ಕವಳಾಗಿದ್ದಾಗಿನ ಡ್ರೈವರ್ ಮಾವನನ್ನು ನೋಡಿದವರು ಈಗ ಆ ಬೀದಿಯಲ್ಲಿ ಹೆಚ್ಚು ಜನ ಉಳಿದಿಲ್ಲ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಅವರು ಖಾಸಗಿ ಬಸ್ಸಿನ ಡ್ರೈವರು. ಬೆಳಿಗ್ಗೆ ಹಾಸನಕ್ಕೆ ಹೋಗಿ ಬರುವುದು, ಮಧ್ಯಾಹ್ನ ಅರಕಲಗೂಡಿಗೆ ಹೋಗಿ ಬರುವುದು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ದೊಡ್ಡವರಿಗೆ ಡ್ರೈವರು, ನಮಗೆ ಡ್ರೈವರ್ ಮಾವ. ಅವರು ಮಾತಾಡಿದರೆ ಹೊಳೆಯ ಆಚೆ ದಡಕ್ಕೆ ಕೇಳುತ್ತದೆ ಎಂದು ನಮ್ಮಪ್ಪ ನಗುತ್ತಿದ್ದರು. ನಿಜವಾಗಿಯೂ ಅಂಥ ಗಂಟಲು. ಬಸ್ಸಿನ ಹಾರನ್ನು ಕೆಟ್ಟ ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿಕೊಂಡೇ ಅರಕಲಗೂಡಿನವರೆಗೂ ಹೋಗಿದ್ದರಂತೆ.

ಪ್ರಾಯದಲ್ಲಿ ಅವರು ಕುಸ್ತಿ ಆಡಿದವರು. ಅರಕಲಗೂಡಿನ ಒಂದು ಕುಸ್ತಿಯಲ್ಲಿ ಎದುರಾಳಿ ಎತ್ತಿ ಹಾಕಿದಾಗ ಬಲಭುಜ ಕೀಲು ತಪ್ಪಿತು. ನಾಟಿ ವೈದ್ಯರು ಕೂರಿಸಿದರೂ ಅದು ಮೊದಲಿನ ಹಾಗೆ ಕೂರಲಿಲ್ಲ. ಲಾರಿಯ ಕ್ಲೀನರಾಗಿ ಸೇರಿ, ಡ್ರೈವರಾಗಿ, ಮದುವೆಯಾಗಿ, ಎರಡು ಮಕ್ಕಳಾಗಿ, ಹೆಂಡತಿಯನ್ನು ಜ್ವರಕ್ಕೆ ಕಳೆದುಕೊಂಡು, ನಾನು ನೋಡುವ ಹೊತ್ತಿಗೆ ಅವರಿಗೆ ಉಳಿದಿದ್ದ ಆಸೆ ಒಂದೇ. ಮಗ ರಂಗ ಪೈಲ್ವಾನನಾಗಬೇಕು. ಊರಿನ ಗರಡಿಯಲ್ಲಿ ಆಡಿ ಬಿಡುವ ಪೈಲ್ವಾನನಲ್ಲ, ಹಾಸನದ ದೊಡ್ಡ ಕುಸ್ತಿಯಲ್ಲಿ ಜಿಲ್ಲೆಯವರೆಲ್ಲ ಎದ್ದು ನಿಂತು ನೋಡುವಂಥ ಪೈಲ್ವಾನ.

ಬೆಳಕು ಹರಿಯುವ ಮುಂಚೆ ಅವರ ಹಿತ್ತಲಲ್ಲಿ ಸಾಧನೆ ಶುರುವಾಗುತ್ತಿತ್ತು. ನಾವು ಹಾಸಿಗೆಯಲ್ಲಿ ಮಲಗಿಕೊಂಡೇ ಗೋಡೆಯಾಚೆಯ ಪಾಠ ಕೇಳುತ್ತಿದ್ದೆವು. ರಂಗ ದಂಡೆ ಹೊಡೆಯುವ ಉಸಿರು ಬುಸ್ ಬುಸ್ ಎಂದು ಬರುತ್ತಿತ್ತು. ಅದರ ಮೇಲೆ ಅವರ ಗಂಟಲು.

"ಲೇ, ಒಂದೇ ಸಲಕ್ಕೆ ಮೇಲ್ ಗೇರ್‌ಗೆ ಓಗ್ಬ್ಯಾಡ ಕಣ್ಲಾ! ದಿಣ್ಣೆ ಅತ್ತೋವಾಗ ಸೆಕೆಂಡ್ ಗೇರು! ನಿದಾನ... ಆಂ... ಈಗ ಬುಡು!"

ಕುಸ್ತಿಯ ಪಟ್ಟುಗಳಿಗೆಲ್ಲ ಅವರ ಬಾಯಲ್ಲಿ ಬಸ್ಸಿನ ಹೆಸರೇ. ಎದುರಾಳಿಯ ಕುತ್ತಿಗೆಯ ಮೇಲೆ ಕೈ ಹಾಕಿ ತಿರುಗಿಸುವುದಕ್ಕೆ ಸ್ಟೇರಿಂಗು. ಕೆಳಗೆ ಬಿದ್ದಾಗ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಂಡು ಮಲಗುವುದಕ್ಕೆ ಶೆಡ್ಡು. ಬಸ್ಸಿನ ಮುಂದಿನ ಹ್ಯಾಂಡಲು ತಿರುಗಿಸಿ ಎಂಜಿನ್ನು ಹೊತ್ತಿಸುವ ಕೆಲಸವನ್ನು ಕ್ಲೀನರಿನಿಂದ ಕಿತ್ತುಕೊಂಡು ಮಗನಿಗೆ ಕೊಟ್ಟಿದ್ದರು. ಚಳಿಗಾಲದ ಬೆಳಿಗ್ಗೆ ಆ ಎಂಜಿನ್ನು ಸುಲಭಕ್ಕೆ ಹೊತ್ತುತ್ತಿರಲಿಲ್ಲ. ರಂಗ ಬೆವರಿಳಿಸಿಕೊಂಡು ತಿರುಗಿಸುತ್ತಿದ್ದರೆ ಒಳಗೆ ಕೂತ ಪ್ಯಾಸೆಂಜರುಗಳು ಗೊಣಗುವರು. "ಇರ್ರಪ್ಪ, ಉಡುಗನ ರಟ್ಟೆ ಬಲೀಲಿ. ನಿಮ್ ಕೋರ್ಟು ಕಚೇರಿ ಎಲ್ಲೂ ಓಡೋಗಾಕಿಲ್ಲ" ಎಂದು ಇವರು ಹಿಂದೆ ತಿರುಗಿ ಹೇಳುವರು. ಗೊಣಗಿದವರೂ ನಕ್ಕುಬಿಡುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾರಿಗೂ ಆಗುತ್ತಿರಲಿಲ್ಲ.

ಬೀದಿಯಲ್ಲಿ ಯಾವ ಹುಡುಗ ಸಿಕ್ಕಿದರೂ ಅವನ ಮಣಿಕಟ್ಟನ್ನು ಹೆಬ್ಬೆರಳು, ನಡುಬೆರಳುಗಳಿಂದ ಸುತ್ತಿ ಅಳೆಯುವುದು ಅವರ ಅಭ್ಯಾಸ. ನನ್ನ ತಮ್ಮನನ್ನು ಹಿಡಿದರೆ, "ಏನವ್ವಾ, ಇದು ಕೈಯೋ ಊದಿನಕಡ್ಡಿಯೋ? ತುಪ್ಪ ಆಕು ತುಪ್ಪ!" ಎಂದು ನಮ್ಮಮ್ಮನಿಗೆ ಕೂಗುವರು. ನಮ್ಮಮ್ಮ ಹಾಕುತ್ತಿದ್ದಳು. ತಮ್ಮನ ತಟ್ಟೆಗೆ ಹಾಕುತ್ತಿದ್ದಳು. ಅದರಲ್ಲೇನಾದರೂ ವಿಶೇಷವಿದೆ ಎಂದು ನನಗೆ ಆಗ ತೋರಿದ್ದಿಲ್ಲ.

ಅವರ ಮಗಳು ಸರೋಜ ನನ್ನ ಕ್ಲಾಸು. ತಾಯಿ ಸತ್ತ ಮೇಲೆ ಮನೆಯ ಕೆಲಸವೆಲ್ಲ ಅವಳ ಮೈಮೇಲೆ ಬಂದಿತ್ತು. ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಅದನ್ನು ಕರೆಯುವವಳು ಅವಳು, ಹಾಲು ಕಾಯಿಸುವವಳು ಅವಳು, ಬಾದಾಮಿ ಅರೆದು ಬೆರೆಸಿ ಅಣ್ಣನಿಗೆ ಕೊಡುವವಳು ಅವಳು. ಉಳಿದದ್ದಕ್ಕೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿದರೆ ಆ ತುಪ್ಪವೂ ರಂಗನಿಗೆ. ಮೊಟ್ಟೆ ತಂದರೆ ರಂಗನಿಗೆ. ಅವಳು ಮುದ್ದೆ ಮುರಿದುಕೊಂಡು, ಬೆಣ್ಣೆ ತೆಗೆದ ನೀರುಮಜ್ಜಿಗೆಯಲ್ಲಿ ಊಟ ಮುಗಿಸುತ್ತಿದ್ದಳು. ಒಂದು ದಿನವೂ ಅವಳು ಬೇಕೆಂದು ಕೇಳಿದ್ದನ್ನು ನಾನು ಕಂಡಿಲ್ಲ. ಡ್ರೈವರ್ ಮಾವ ತಾವೂ ಹಾಲು ಮುಟ್ಟುತ್ತಿರಲಿಲ್ಲ. "ಅವನ್ಗೇ ಸಾಲ್ದು" ಎನ್ನುತ್ತಿದ್ದರು. ಹೊಟ್ಟೆ ಕಟ್ಟಿ ಮಗನನ್ನು ಬೆಳೆಸುವ ತಂದೆ ಎಂದು ಬೀದಿಯೆಲ್ಲ ಅವರನ್ನು ಹೊಗಳುತ್ತಿತ್ತು. ಅವರು ಮಧ್ಯಾಹ್ನದ ಊಟವನ್ನು ಅರಕಲಗೂಡಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾಡುತ್ತಾರೆ, ಸರೋಜಳಿಗೆ ಅಂಥ ಊಟ ಎಲ್ಲೂ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದರೆ ತಪ್ಪಾಗುತ್ತದೆ. ಹಾಸನದಿಂದ ಬರುವಾಗ ಅವಳಿಗೆ ರಿಬ್ಬನ್ನು, ಬಳೆ ತರುತ್ತಿದ್ದರು. ಶಾಲೆಗೆ ಕಳಿಸುವುದು ಬೇಡವೆಂದು ನೆಂಟರು ಹೇಳಿದಾಗ, "ಓದ್ಲಿ ಬುಡಿ, ಬಸ್ಸಿನ್ ಬೋರ್ಡಾದ್ರೂ ಓದ್ಕಬೌದು" ಎಂದು ಬಾಯಿ ಮುಚ್ಚಿಸಿದ್ದರು. ಆದರೆ ಆ ಮನೆಯಲ್ಲಿ ಬೆಳೆಯಬೇಕಾದ ಮೈ ಒಂದೇ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆ ವರ್ಷ ದೀಪಾವಳಿಯ ಹೊತ್ತಿನಿಂದ ಸರೋಜ ಸಂಜೆ ಆಟಕ್ಕೆ ಬರುವುದನ್ನು ಬಿಟ್ಟಳು. ನೀರಿಗೆ ಹೋಗುವುದಿದ್ದರೆ ಬಿಸಿಲಿರುವಾಗಲೇ ಹೋಗೋಣ ಎಂದು ಅವಸರ ಮಾಡುತ್ತಿದ್ದಳು. ಮುಸ್ಸಂಜೆಯಲ್ಲಿ ಹಿತ್ತಲಿಗೆ ಹೋದರೆ ಗೋಡೆಯ ಮೇಲೆ ಕೈಯಾಡಿಸಿಕೊಂಡು ಹೋಗುವಳು. ಒಮ್ಮೆ ನನಗೆ, "ಒತ್ತು ಮುಳುಗುದ್ರೆ ಎಲ್ಲಾ ಮಂಕಾಯ್ತದೆ ಕಣೆ" ಎಂದಳು. ಕತ್ತಲಾದರೆ ಎಲ್ಲರಿಗೂ ಹಾಗೇ ತಾನೇ ಎಂದುಕೊಂಡೆ.

ಸುಗ್ಗಿ ಮುಗಿದ ಮೇಲೆ ಚನ್ನರಾಯಪಟ್ಟಣದಲ್ಲಿ ಕುಸ್ತಿ ಏರ್ಪಾಡಾಯಿತು. ರಂಗನಿಗೆ ಆ ಊರಿನದೇ ಹುಡುಗನೊಬ್ಬನ ಜೊತೆ ಜೋಡಿ ಕಟ್ಟಿದ್ದರು. ವಯಸ್ಸಿನಲ್ಲಿ ರಂಗನಿಗಿಂತ ದೊಡ್ಡವನು, ಆವರೆಗೆ ಸೋತವನಲ್ಲ. ಇಲ್ಲಿ ಗೆದ್ದರೆ ಹಾಸನದ ದೊಡ್ಡ ಕುಸ್ತಿಗೆ ಕರೆ ಬರುತ್ತದೆ. ಡ್ರೈವರ್ ಮಾವ ಧಣಿಗಳನ್ನು ಕಾಡಿ ಬೇಡಿ ಬಸ್ಸನ್ನೇ ಒಂದು ದಿನದ ಮಟ್ಟಿಗೆ ಕೇಳಿಕೊಂಡರು. ಬೀದಿಯ ಗಂಡಸರೆಲ್ಲ ಹತ್ತಿದರು. ಚನ್ನರಾಯಪಟ್ಟಣ ನಮ್ಮಮ್ಮನ ತವರಾದ್ದರಿಂದ ಅವಳೂ ತಮ್ಮನನ್ನು ಕರೆದುಕೊಂಡು ಹೊರಟಳು. ನಾನು ಸರೋಜಳ ಪಕ್ಕ ಕೂತೆ. ಅವಳ ತೊಡೆಯ ಮೇಲೆ ಮುಚ್ಚಳವಿರುವ ಹಿತ್ತಾಳೆ ಪಾತ್ರೆಯಲ್ಲಿ ಅಣ್ಣನ ಹಾಲು. ಕುಸ್ತಿ ಮುಗಿದ ತಕ್ಷಣ ಕೊಡಬೇಕು. ಹಳ್ಳ ದಿಣ್ಣೆಯ ಆ ರಸ್ತೆಯುದ್ದಕ್ಕೂ ಅದು ತುಳುಕದಂತೆ ಎರಡು ಕೈಯಲ್ಲೂ ಹಿಡಿದು ಕೂತಿದ್ದಳು.

ಕೆರೆಯ ಕೆಳಗೆ ಕುಯ್ಲಾದ ಗದ್ದೆ ಬಯಲಲ್ಲಿ ಕೆಮ್ಮಣ್ಣು ಹಾಸಿ ಹದ ಮಾಡಿ ಕುಸ್ತಿಯ ಮಟ್ಟಿ ಮಾಡಿದ್ದರು. ಅಮ್ಮ ತಮ್ಮನೊಂದಿಗೆ ಅಜ್ಜಿಯ ಮನೆಗೆ ಹೋದಳು. ನಾನು ಸರೋಜಳ ಜೊತೆ ಬಸ್ಸಿನಲ್ಲೇ ಉಳಿದೆ. ಕುಸ್ತಿಯ ಹತ್ತಿರ ಹೆಣ್ಣುಮಕ್ಕಳು ಸುಳಿಯುವ ಪದ್ಧತಿಯಿರಲಿಲ್ಲ. ಮಟ್ಟಿಯನ್ನಂತೂ ತುಳಿಯುವ ಹಾಗೇ ಇಲ್ಲ, ಮೈಲಿಗೆ. ಕಿಟಕಿಯಿಂದ ನಮಗೆ ಕಾಣುತ್ತಿದ್ದದ್ದು ಗಂಡಸರ ಬೆನ್ನುಗಳು. ತಮಟೆ ಕೇಳುತ್ತಿತ್ತು. ರಂಗನ ಸರದಿ ಬಂದಾಗ ಆ ಸದ್ದನ್ನೂ ಮೀರಿ ಒಂದು ಗಂಟಲು ಕೇಳಿಸಿತು. "ಸ್ಟೇರಿಂಗ್ ತಿರುಗ್ಸ್ಲಾ! ಪೂರಾ ತಿರುಗ್ಸು!" ನಾವಿಬ್ಬರೂ ನಕ್ಕೆವು. ಆಮೇಲೆ ಜನ ಹೋ ಎಂದು ಎದ್ದರು. ಟೋಪಿ ರುಮಾಲುಗಳು ಹಾರಿದವು. ನಮ್ಮವರೇ ಕೂಗಿದ್ದರಿಂದ ಗೆದ್ದದ್ದು ಯಾರೆಂದು ತಿಳಿಯಿತು.

ಹೊತ್ತು ಮುಳುಗಿತ್ತು. ಗ್ಯಾಸ್‌ಲೈಟು ಇನ್ನೂ ಹಚ್ಚಿರಲಿಲ್ಲ. "ಸರೋಜೀ! ಆಲು ತಗಂಬಾ!" ಎಂದು ಡ್ರೈವರ್ ಮಾವ ಅಲ್ಲಿಂದಲೇ ಕೂಗಿದರು. ಸರೋಜ ಪಾತ್ರೆ ಎತ್ತಿಕೊಂಡು ಇಳಿದಳು. ನಾನು ಅವಳ ರಟ್ಟೆ ಹಿಡಿದುಕೊಂಡು ಜೊತೆಗೆ ಹೋದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ರಂಗನನ್ನು ಹೆಗಲ ಮೇಲೆ ಹೊತ್ತ ಹುಡುಗರ ಗುಂಪು ನುಗ್ಗಿ ಬಂದು ನಮ್ಮಿಬ್ಬರ ನಡುವೆಯೇ ಹಾದುಹೋಯಿತು. ನನ್ನ ಕೈ ತಪ್ಪಿತು. "ಇತ್ತಾಗೆ ಬಾರೆ! ಇತ್ತಾಗೆ!" ಎಂದು ಅವರು ಕೂಗುತ್ತಲೇ ಇದ್ದರು. ಅವಳು ಆ ಕೂಗಿನ ನೇರಕ್ಕೆ ನಡೆದಳು. ಜನ ಆಚೀಚೆ ಸರಿದು ದಾರಿ ಬಿಟ್ಟರು. ಅಪ್ಪನಿಗೂ ಅವಳಿಗೂ ನಡುವೆ ಇದ್ದದ್ದು ಮಟ್ಟಿ.

"ಏಯ್! ಏಯ್ ಉಡುಗಿ! ಮಟ್ಟಿ ತುಳುದ್ಲು! ಇಡ್ಕಳ್ರೋ!"

ಮುಂದಿನ ಜೋಡಿ ಆಗಲೇ ಇಳಿದು ಮಣ್ಣು ಹಚ್ಚಿಕೊಂಡು ನಿಂತಿತ್ತು. ನಾಲ್ಕೂ ಕಡೆಯಿಂದ ಜನ ಕೂಗಿದ್ದಕ್ಕೆ ಸರೋಜ ಕೆಮ್ಮಣ್ಣಿನ ನಡುವೆ ನಿಂತುಬಿಟ್ಟಳು. ಕೂಗು ಬಂದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದಳು. ಯಾರೋ ಬಂದು ಭುಜ ಹಿಡಿದು ಎಳೆದರು. ಪಾತ್ರೆಯ ಮುಚ್ಚಳ ಹಾರಿ, ಹಾಲು ಅವಳ ಲಂಗದ ಮೇಲೂ ಮಣ್ಣಿನ ಮೇಲೂ ಚೆಲ್ಲಿತು. ಅಷ್ಟರಲ್ಲಿ ಡ್ರೈವರ್ ಮಾವ ಓಡಿ ಬಂದರು. ಊರೆದುರು ಮಾನ ಹೋಯಿತೆಂಬ ಸಿಟ್ಟಿಗೆ ಅವರ ಮುಖ ಕಪ್ಪಿಟ್ಟಿತ್ತು. ಕೈ ಎತ್ತಿದರು.

"ಕಣ್ ಕಾಣಾಕಿಲ್ವೇನೇ ನಿಂಗೆ?"

"ಇಲ್ಲ ಕಣಪ್ಪ" ಎಂದಳು ಸರೋಜ. "ಕಾಣಾಕಿಲ್ಲ."

ಅವಳು ಎದುರುತ್ತರ ಕೊಟ್ಟಿದ್ದಲ್ಲ. ದೂರಿದ್ದೂ ಅಲ್ಲ. ಅಪ್ಪ ಕೇಳಿದರು, ಅವಳು ಹೇಳಿದಳು. ಹಿಂದೆ ಇಬ್ಬರು ಮೂವರು ನಕ್ಕರು. ಡ್ರೈವರ್ ಮಾವನ ಕೈ ಮಾತ್ರ ಎತ್ತಿದ್ದು ಎತ್ತಿದ ಹಾಗೇ ಇತ್ತು.

ಕುಸ್ತಿ ನಡೆಸುತ್ತಿದ್ದ ಮುದುಕ ಪೈಲ್ವಾನರೊಬ್ಬರು ಹತ್ತಿರ ಬಂದರು. ಗಜಗಾತ್ರದ ಮನುಷ್ಯ. ಸರೋಜಳ ಗಲ್ಲ ಹಿಡಿದು ಮುಖ ಮೇಲೆತ್ತಿ, ಅವಳ ಕಣ್ಣೆದುರು ಕೈಯಾಡಿಸಿದರು. ಅವಳ ರೆಪ್ಪೆ ಅಲುಗಲಿಲ್ಲ.

"ಎಸ್ಟ್ ದಿನದಿಂದವ್ವ?"

"ದೀವಳ್ಗೆಯಿಂದ. ಬೆಳಿಗ್ಗೆ ಒತ್ತು ಚೆನ್ನಾಗಿ ಕಾಣ್ತದೆ."

ಅವರು ಡ್ರೈವರ್ ಮಾವನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದರು. "ಇರುಳುಗಣ್ಣು ಕಣಪ್ಪ. ಯದರ್ಕಬ್ಯಾಡ. ಬಡವ್ರ ಮಕ್ಳಿಗೆ ಬತ್ತದೆ. ಆಲು, ಬೆಣ್ಣೆ, ಸೊಪ್ಪು ಒಟ್ಟೆಗೆ ಬಿದ್ರೆ ವೊಂಟೋಯ್ತದೆ. ಮನೇಲಿ ಕರಾವು ಇಲ್ವಾ?"

ಅವರು ಚುಚ್ಚಿ ಕೇಳಿದ್ದಲ್ಲ. ಕರೆಯುವ ಎಮ್ಮೆಯಿಲ್ಲದ ಬಡವನೆಂದು ತಿಳಿದು, ಇಲ್ಲವೆಂದರೆ ಏನಾದರೂ ಏರ್ಪಾಡು ಮಾಡೋಣ ಎನ್ನುವ ಹಾಗೆ ಕೇಳಿದರು. ಸುತ್ತ ಎರಡು ಊರಿನ ಜನ. ನಮ್ಮ ಬೀದಿಯವರು ಅಲ್ಲೇ ನಿಂತಿದ್ದರು. ಸರೋಜಳ ಲಂಗದಿಂದ ಬಾದಾಮಿ ಹಾಲಿನ ವಾಸನೆ ಬರುತ್ತಿತ್ತು. ರಂಗ ಹುಡುಗರ ಹೆಗಲಿಂದ ಇಳಿದು, ಕೊರಳಲ್ಲಿ ಹಾರ ಹಾಕಿಕೊಂಡೇ ಬಂದು ತಂಗಿಯ ಪಕ್ಕ ನಿಂತ. ಉರುಟಾದ ತೋಳು, ಎಣ್ಣೆ ಹಚ್ಚಿದ ಹಾಗೆ ಮಿನುಗುವ ಮೈ. ಅವನ ಪಕ್ಕದಲ್ಲಿ ಅವಳು ಹೇಗೆ ಕಾಣುತ್ತಾಳೆಂಬುದನ್ನು ಅವತ್ತು ಎಲ್ಲರೂ ನೋಡಿದೆವು. ದಿನವೂ ನೋಡುತ್ತಿದ್ದವರು, ಅವತ್ತು ನೋಡಿದೆವು.

ಡ್ರೈವರ್ ಮಾವ ಎತ್ತಿದ್ದ ಕೈ ಇಳಿಸಿದರು. "ಐತೆ" ಎಂದರು. "ಐತೆ ಕಣಣ್ಣ."

ಮುದುಕರು ಚೆಲ್ಲಿದ ಹಾಲನ್ನು ನೋಡಿದರು. ರಂಗನನ್ನು ನೋಡಿದರು. ಇನ್ನೇನೂ ಕೇಳದೆ ತಮ್ಮ ಜಾಗಕ್ಕೆ ಹೊರಟುಹೋದರು. ಅವರು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ಗೆದ್ದು ಬರುವ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮಮ್ಮನನ್ನು ಹತ್ತಿಸಿಕೊಂಡಾಗ ಅವಳು, "ಯಾಕೆ, ರಂಗ ಸೋತ್ನಾ?" ಎಂದು ಪಿಸುಗುಟ್ಟಿದಳು. ಯಾರೋ ಇಲ್ಲವೆಂದು ತಲೆಯಾಡಿಸಿದರು. ಊರು ತಲುಪಿದಾಗ ಸರೋಜ ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದಳು. ಡ್ರೈವರ್ ಮಾವ ಬಂದು ಅವಳನ್ನು ಎತ್ತಿಕೊಂಡರು. ಎತ್ತಿದವರು ಹಾಗೇ ಒಂದು ಗಳಿಗೆ ನಿಂತರು. ಮಗಳ ಭಾರ ಎಷ್ಟೆಂಬುದು ಅವರಿಗೆ ಆವತ್ತೇ ತಿಳಿಯಿತೋ ಏನೋ.

ಮರುದಿನ ಬೆಳಿಗ್ಗೆ ಗೋಡೆಯಾಚೆ ಸದ್ದಿಲ್ಲ. ಅವರು ಆ ದಿನ ಬಸ್ಸಿಗೆ ಹೋಗದೆ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಮೀನೆಣ್ಣೆ ಕೊಟ್ಟು, ಹಾಲು, ಮೊಟ್ಟೆ, ಸೊಪ್ಪು ಹೇಳಿದರು. ಅದೇ ಸಂಜೆ ನಮ್ಮಮ್ಮ ಒಂದು ಲೋಟ ಹಾಲು ತಂದು ನನ್ನ ಕೈಗೆ ಕೊಟ್ಟಳು. ಅವಳು ನನ್ನ ಮುಖ ನೋಡಲಿಲ್ಲ. ನಾನೂ ಯಾಕೆಂದು ಕೇಳಲಿಲ್ಲ. ಆ ವಾರ ನಮ್ಮ ಬೀದಿಯ ಬಹಳ ಮನೆಗಳಲ್ಲಿ ಹೀಗೇ ನಡೆಯಿತೆಂದು ಶಾಲೆಯಲ್ಲಿ ಹುಡುಗಿಯರು ಮಾತಾಡಿಕೊಂಡರು. ನಾಚಿಕೆ ಒಂದು ಮನೆಯದಾಗಿ ಉಳಿದಿರಲಿಲ್ಲ. ಆದರೆ ಅದನ್ನು ಊರೆದುರು ಹೊತ್ತು ನಿಂತವರು ಅವರೊಬ್ಬರೇ.

ನಮ್ಮೂರಿನ ಗರಡಿಯವರಿಗೆ ಬೇರೆಯೇ ಚಿಂತೆ. ನಮ್ಮ ಕಡೆಯ ಹುಡುಗಿ ಮಟ್ಟಿ ತುಳಿದಳಲ್ಲ, ಆ ಊರಿನವರಿಗೆ ಮುಖ ತೋರಿಸುವುದು ಹೇಗೆ, ಡ್ರೈವರು ತಪ್ಪುಕಾಣಿಕೆ ಕೊಟ್ಟು ಶುದ್ಧಿ ಮಾಡಿಸಲಿ ಎಂದು ಇಬ್ಬರು ಹಿರಿಯರು ಜಗಲಿಗೆ ಬಂದು ಕೂತರು. ಡ್ರೈವರ್ ಮಾವ ಕಂಬಕ್ಕೊರಗಿ ನಿಂತು ಕೇಳಿಸಿಕೊಂಡರು. ಕೊನೆಗೆ, "ಅವಳಿಂದ ಏನು ಮೈಲಿಗೆ ಆಗೈತೆ ಸ್ವಾಮಿ?" ಎಂದರು. "ಆಗಿದ್ರೆ ನನ್ನಿಂದ ಆಗೈತೆ. ಇನ್ನು ನಾನು ಗರಡೀಗೆ ಬರಾಕಿಲ್ಲ." ಮಾತು ಮೆಲ್ಲಗಿತ್ತು. ಗೋಡೆಗೆ ಕಿವಿಗೊಟ್ಟಿದ್ದರಿಂದ ನನಗೆ ಕೇಳಿಸಿತು.

ಹೇಳಿದಂತೆಯೇ ಅವರು ಹೋಗಲಿಲ್ಲ. ಹಾಸನದ ಕುಸ್ತಿಗೆ ಕರೆ ಬಂದಾಗ, "ಉಡುಗನ್ಗೆ ಮೈ ಸರಿಯಿಲ್ಲ" ಎಂದು ಹೇಳಿ ಕಳಿಸಿದರು. ರಂಗನನ್ನು ಒಂದು ಮಾತು ಕೇಳಲಿಲ್ಲ. ಅವನು ಹಿತ್ತಲಲ್ಲಿ ಒಬ್ಬನೇ ದಂಡೆ ಹೊಡೆಯುತ್ತಿದ್ದ. ಅಪ್ಪ ಹತ್ತಿರ ಬರಲಿಲ್ಲ. ಸ್ವಲ್ಪ ದಿನಕ್ಕೆ ಅದೂ ನಿಂತಿತು. ಎಷ್ಟೋ ವರ್ಷದ ಮೇಲೆ, ಲಾರಿ ಓಡಿಸಿಕೊಂಡಿದ್ದ ರಂಗ ಹಾಸನದಲ್ಲಿ ಸಿಕ್ಕಿದಾಗ ಆ ಮಾತು ಬಂತು. ಅವನು ನಕ್ಕ, ಆದರೆ ಕಣ್ಣಲ್ಲಿ ನಗುವಿರಲಿಲ್ಲ.

"ಅವಳ್ಗೂ ಆಲು ಕೊಟ್ಟು ನಂಗೂ ಕುಸ್ತಿ ಆಡುಸ್ಬೌದಾಗಿತ್ತು ಕಣವ್ವ. ಇನ್ನೊಂದು ಎಮ್ಮೆ ಕಟ್ಟುದ್ರೆ ಆಗೋಗ್ತಿತ್ತು. ಅಪ್ಪ ಯೆಂಗೆ ಅಂದ್ರೆ, ಮಾಡುದ್ರೆ ಪೂರಾ, ಬುಟ್ರೆ ಪೂರಾ."

ಸರೋಜಳ ಕಣ್ಣು ಬಹಳ ಬೇಗ ಸರಿಯಾಯಿತು. ಮೀನೆಣ್ಣೆಯ ನಾತಕ್ಕೆ ಅವಳ ಹತ್ತಿರ ಕೂರುವುದು ಕಷ್ಟವಾಗಿತ್ತು ಅಷ್ಟೆ. ಆದರೆ ಅವಳ ಅಪ್ಪನಿಗೆ ವಾಸಿಯಾಗಲಿಲ್ಲ. ಸಂಜೆ ಬಸ್ಸು ನಿಲ್ಲಿಸಿ ಬಂದವರು ಕಾಲು ತೊಳೆದು ಮೊದಲು ಮಾಡುವ ಕೆಲಸ, ಹಾಲು ಕಾಯಿಸಿ ದೊಡ್ಡ ಲೋಟದ ತುಂಬ ಅವಳಿಗೆ ಕೊಡುವುದು. ಅವಳು ಕುಡಿದು ಮುಗಿಸುವವರೆಗೂ ಬಾಗಿಲ ಬಳಿ ನಿಂತಿರುತ್ತಿದ್ದರು. ಮುಖ ಮಾತ್ರ ಬೀದಿಯ ಕಡೆಗೆ. ಖಾಲಿ ಲೋಟವನ್ನು ತಾವೇ ತೆಗೆದುಕೊಂಡು ತೊಳೆಯುವರು. ಬೀದಿಯ ಹುಡುಗರ ಕೈ ಹಿಡಿದು ಅಳೆಯುವುದು ನಿಂತಿತ್ತು. ಹುಡುಗರೇ ಹೋಗಿ ಕೈ ಚಾಚಿದರೂ, "ಓಗ್ರಪ್ಪ, ಓದ್ಕಳಿ ಓಗ್ರಿ" ಎನ್ನುತ್ತಿದ್ದರು. ಬಸ್ಸಿನಲ್ಲಿ ಚನ್ನರಾಯಪಟ್ಟಣದ ಕಡೆಯವರು ಯಾರಾದರೂ ಹತ್ತಿದರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲವೆಂದು ಕಂಡಕ್ಟರು ನಮ್ಮಪ್ಪನಿಗೆ ಹೇಳಿದ್ದ.

ಸರೋಜಳಿಗೆ ಅರಕಲಗೂಡಿನ ಗಂಡು ಗೊತ್ತಾಯಿತು, ಮದುವೆಯಾಯಿತು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದೆ. ಅವಳು ಚೊಚ್ಚಲು ಬಾಣಂತನಕ್ಕೆ ತವರಿಗೆ ಬಂದಳೆಂದು ಕೇಳಿ, ರಜೆಯಲ್ಲಿ ಊರಿಗೆ ಹೋದಾಗ ನೋಡಲು ಹೋದೆ.

ತಾಯಿಯಿಲ್ಲದ ಮನೆಯಲ್ಲಿ ಬಾಣಂತನ ಮಾಡುವವರು ಯಾರು? ನಮ್ಮಮ್ಮ ಬರುತ್ತೇನೆಂದರೂ ಡ್ರೈವರ್ ಮಾವ ಒಪ್ಪಲಿಲ್ಲವಂತೆ. ಬಸ್ಸಿಗೆ ರಜ ಹಾಕಿ ಮನೆಯಲ್ಲೇ ಉಳಿದಿದ್ದರು. ನಾನು ಹೋದಾಗ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಕಾಲುಗಳ ಮೇಲೆ ಹಸುಗೂಸನ್ನು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದರು. ಹೆಣ್ಣು ಮಗು. ಪೈಲ್ವಾನರಿಗೆ ಮಾಲೀಸು ಮಾಡಿದ ದಪ್ಪ ಬೆರಳುಗಳು ಆ ಇಷ್ಟೇ ಇಷ್ಟು ಬೆನ್ನಿನ ಮೇಲೆ ಹೂವು ಮುಟ್ಟಿದ ಹಾಗೆ ಆಡುತ್ತಿದ್ದವು. ಗಂಡಸು ಬಾಣಂತನ ಮಾಡುತ್ತಾನೆಂದು ಬೀದಿಯಲ್ಲಿ ನಗುವವರು ನಗುತ್ತಿದ್ದರು. ಅದಕ್ಕೆ ಅವರು ಸ್ವಲ್ಪವೂ ನಾಚುತ್ತಿರಲಿಲ್ಲ. ನಾಚಿಕೆಯನ್ನೆಲ್ಲ ಅವರು ಒಂದೇ ಕಡೆ ಇಟ್ಟುಬಿಟ್ಟಿದ್ದರು.

"ಬಾ ಕೂಸೇ, ಒಳಗೋಗು. ಅವಳು ಎದ್ದವ್ಳೆ" ಎಂದರು, ತಲೆಯೆತ್ತದೆ.

ಸರೋಜ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕೈಕಾಲು ತುಂಬಿಕೊಂಡು ಕಳೆಕಳೆಯಾಗಿದ್ದಳು. ನಾವು ಮಾತಾಡುತ್ತಿರುವಾಗಲೇ ಅವರು ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದರು. ಮತ್ತೆ ಹೋಗಿ ಲೋಟದಲ್ಲಿ ಹಾಲು ತಂದು ಕೊಟ್ಟು, ಅದೇ ಹಳೆಯ ರೀತಿಯಲ್ಲಿ ಬಾಗಿಲ ಬಳಿ ಮುಖ ತಿರುಗಿಸಿ ನಿಂತರು.

ಸರೋಜ ಲೋಟವನ್ನು ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಅದನ್ನು ನೆಲದ ಮೇಲಿಟ್ಟಳು.

"ಅಪ್ಪ, ನಂಗೆ ಆಲು ಸೇರಾಕಿಲ್ಲ."

"ಅಜೀರ್ಣ ಆಗೈತಾ? ಡಾಕ್ಟ್ರನ್ನ ಕರೀಲಾ?"

"ಇವತ್ತಲ್ಲ. ಯಾವತ್ತೂ ಸೇರ್ತಿರ್ಲಿಲ್ಲ. ಆ ವಾಸ್ನೆ ಕಂಡ್ರೇ ನಂಗೆ ಆಗಾಕಿಲ್ಲ."

ಅವರು ತಿರುಗಿದರು. "ಮತ್ತೆ... ಇಷ್ಟ್ ವರ್ಸ ಕುಡುದ್ಯಲ್ಲವ್ವ?"

"ನೀನು ನಿಂತ್ಕತಿದ್ದಲ್ಲ" ಎಂದಳು ಸರೋಜ. "ನಿಂಗೋಸ್ಕರ ಕುಡೀತಿದ್ದೆ. ಮೂಗು ಇಡ್ಕಂಡು ಕುಡೀತಿದ್ದೆ. ನೀನು ಆ ಕಡೆ ತಿರುಕ್ಕಂಡು ನಿಂತಿರ್ತಿದ್ಯಲ್ಲ, ಅದ್ಕೇ ನಿಂಗೆ ಗೊತ್ತಾಗ್ಲಿಲ್ಲ. ನನ್ ಕಣ್ಣು ಆವತ್ತೇ ಸರೋಯ್ತು ಕಣಪ್ಪ. ನೀನು ಇನ್ನಾ ಅಲ್ಲೇ ನಿಂತಿದ್ದೀಯ. ಸಾಕು ಮಾಡು."

ಅಪ್ಪನ ಎದುರು ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಡ್ರೈವರ್ ಮಾವ ಗೋಡೆ ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು. ಖಾಕಿ ಚಡ್ಡಿಗೆ ಕೈಯ ಎಣ್ಣೆಯನ್ನು ಒರೆಸಿದರು, ಮತ್ತೆ ಒರೆಸಿದರು. ಅವರ ಮುಖ ನೋಡಲಾರದೆ ನಾನು ಮಗುವನ್ನು ನೋಡುತ್ತಾ ಕೂತೆ. ಎದ್ದು ಹೋಗಬೇಕೆಂದರೆ ಬಾಗಿಲಿಗೆ ಅವರೇ ಅಡ್ಡ.

ಆಮೇಲೆ ಅವರು ಕೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ.

"ಮತ್ತೇನು ಸೇರ್ತದವ್ವ ನಿಂಗೆ?"

ಸರೋಜ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಾಫಿ" ಎಂದಳು.

ಪೈಲ್ವಾನರ ಮನೆ ಅದು. ಕಾಫಿ ಕುಡಿದರೆ ನರ ಸತ್ತುಹೋಗುತ್ತದೆ ಎಂದು ನಂಬಿದ್ದ ಮನುಷ್ಯ ಅವರು. ಆ ಮನೆಯೊಳಗೆ ಕಾಫಿಪುಡಿ ಕಾಲಿಟ್ಟಿರಲಿಲ್ಲ. ಅವರು ಎದ್ದರು. ಲೋಟ ಎತ್ತಿಕೊಂಡರು. ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಹೋದರು. ಅವರು ನಮ್ಮಮ್ಮನನ್ನು ಪುಡಿ ಕೇಳಿದ್ದು, ಅದನ್ನು ಏನು ಮಾಡಬೇಕೆಂದು ಕೇಳಿದ್ದು, ನಮ್ಮಮ್ಮ ಕಕ್ಕಾಬಿಕ್ಕಿಯಾಗಿ ಹೇಳಿಕೊಟ್ಟದ್ದು ಎಲ್ಲ ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು. ತಿರುಗಿ ಬಂದು ಒಲೆ ಮುಂದೆ ಕೂತು ಊದುಗೊಳವೆ ಊದಿದರು. ಪಾತ್ರೆ ಸದ್ದಾಯಿತು. ಏನೋ ಉಕ್ಕಿ ಒಲೆಗೆ ಬಿದ್ದು ಚುಂಯ್ ಎಂದಿತು. ಸುಟ್ಟ ಹಾಲಿನ ಜೊತೆಗೆ ಕಾಫಿಯ ಪರಿಮಳ ಕೋಣೆಗೆ ಬಂತು.

ಆಮೇಲೆ ಅಡಿಗೆಮನೆಯಿಂದ ಕೂಗು ಬಂತು. ಆ ಹಳೆಯ ಗಂಟಲಲ್ಲ, ಆದರೂ ಕೂಗೇ.

"ಸರೋಜೀ, ಸಕ್ರೆ ಎಷ್ಟ್ ಚಮಚ ಆಕ್ಲವ್ವಾ?"

ಸರೋಜ ಮಗುವಿನ ಮೇಲೆ ಬಗ್ಗಿ, ಸದ್ದಾಗದ ಹಾಗೆ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಅವರು ಇನ್ನೊಮ್ಮೆ ಕೇಳಿದರು. ಕೊನೆಗೆ ನಾನೇ ಕೂಗಿ ಹೇಳಿದೆ, "ಎರಡು ಹಾಕಿ ಮಾವ" ಎಂದು.